ಎರಡು ಹೂ ಕಡಿಮೆ

ದೀಪಾವಳಿಗೆ ಇನ್ನೂ ಆರು ದಿನವಿರುವಾಗ ಭಾಲ್ಕಿಯಲ್ಲಿ ಡಂಗುರ ಸಾರಿದರು. ಗಲಾಟೆಯ ದಿನಗಳಲ್ಲಿ ಯಾರು ಯಾರ ಮನೆಯಿಂದ ಏನು ಹೊತ್ತು ತಂದಿದ್ದರೂ ಗೌರಿ ಹುಣ್ಣಿಮೆಯೊಳಗೆ ಚಾವಡಿಗೆ ಒಪ್ಪಿಸಬೇಕು. ಆಮೇಲೆ ಮನೆಮನೆ ಝಡತಿ, ಮೂಲೆಮೂಲೆ ತಪಾಸಣೆ, ಸಿಕ್ಕವರಿಗೆ ಜೇಲು. ಡಂಗುರದವನು ಓಣಿ ದಾಟುವ ಮೊದಲೇ ಓಣಿಯ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಆ ವಾರ ಊರ ಹಾಳು ಬಾವಿಗಳಿಗೆ ತಾಮ್ರದ ಹಂಡೆ, ಗೋಡೆ ಗಡಿಯಾರ, ಬೆತ್ತದ ಕುರ್ಚಿ ಬಿದ್ದವು. ದೇವರಂಥವರು ಎನಿಸಿಕೊಂಡವರ ಹಿತ್ತಲಲ್ಲೂ ಹೊಸದಾಗಿ ಅಗೆದ ಮಣ್ಣು ಕಂಡಿತು. ಚಾವಡಿಗೆ ಬಂದದ್ದು ಮಾತ್ರ ಎರಡು ಒಡಕು ಲಾಟೀನು, ಒಂದು ಕಾಲು ಮುರಿದ ಮಂಚ.

ಹಾವಗೆಪ್ಪನ ಮನೆಯಲ್ಲಿ ಆಗ ಊಟದ ಹೊತ್ತು. ಹಾವಗೆಪ್ಪ ಬೆಲ್ಲ, ಮೆಣಸಿನಕಾಯಿ ಮಾರುವ ಸಣ್ಣ ಅಂಗಡಿಯವನು. ಹೆದರಿಕೆ ಅವನ ಹುಟ್ಟುಗುಣ. ಎದುರಿಗೆ ಮಗ ವೈಜಿನಾಥ ಕೂತಿದ್ದ. ಬಡಿಸುತ್ತಿದ್ದವಳು ಸೊಸೆ ಶಾಲುಬಾಯಿ, ಔರಾದದ ಹುಡುಗಿ, ನಾಲ್ಕು ತಿಂಗಳ ಬಸುರಿ. ಪಡಸಾಲೆಯ ಬೆಳಕಿನಲ್ಲಿ ಕತ್ತರಿ ಹಿಡಿದು ಕೂತಿದ್ದವಳು ಹಾವಗೆಪ್ಪನ ಹೆಂಡತಿ ಗುಂಡಮ್ಮ. ಕೌದಿ ಹೊಲಿಯುವುದರಲ್ಲಿ ಇಡೀ ಭಾಲ್ಕಿಗೆ ಅವಳದೇ ಹೆಸರು. ಅವಳ ಮುಂದೆ ಮೂರು ಗಜ ಛೀಟಿನ ಬಟ್ಟೆ ಹರವಿತ್ತು. ಕಡು ಹಸಿರಿನ ಮೇಲೆ ಕೆಂಪು ದಾಳಿಂಬೆ ಹೂ, ಒಂದೊಂದೂ ರೊಟ್ಟಿಯಷ್ಟು ಅಗಲ.

“ಕಿವ್ಯಾಗ ಬಿತ್ತಿಲ್ಲೋ?” ಎಂದ ಹಾವಗೆಪ್ಪ. “ಆ ಬಟ್ಟಿ ಈ ಮನ್ಯಾಗ ಇರಬಾರ್ದು.”

“ನಾ ಏನ ಹೊತ್ತ ತಂದೀನೇನ್ರಿ? ಮಹಮೂದಾ ಬೇಗಂ ತನ್ನ ಕೈಯಾರ ತಂದ ಕೊಟ್ಟಾಳ, ಮಗಳ ಕೂಸಿಗಿ ಕೌದಿ ಹೊಲಿ ಅಂತ.”

“ಯಾರ ನಂಬ್ತಾರ? ಕೊಟ್ಟಾಕಿ ಊರಾಗಿಲ್ಲ. ಅಕಿ ಮನಿಗಿ ಈಗ ಬಾಗಲಾನೂ ಇಲ್ಲ. ಇಂಥಾ ಹೂವಿನ ಬಟ್ಟಿ ಇಡೀ ಭಾಲ್ಕ್ಯಾಗ ಅದೊಂದೇ ಮನ್ಯಾಗ ಇತ್ತು. ಕುರುಡ ಸೈತ ಗುರ್ತ ಹಿಡಿತಾನ.” ಹಾವಗೆಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಹೊಲಿಬೇಕಂದ್ರ ಹೊಲಿ. ಆದ್ರ ನಾಕ ಬೆರಳ ಅಗಲದ ತುಂಡ ಮಾಡು. ಹೂವ ಯಾವುದು, ಎಲಿ ಯಾವುದು ತಿಳಿಬಾರ್ದು.”

ಅವನು ಹೇಳಿದ್ದು ಹೆಂಡತಿಯಿಂದಲೇ ಕಲಿತ ವಿದ್ಯೆ. ದೊಡ್ಡ ಹೂವಿನ ಬಟ್ಟೆಯನ್ನು ಸಣ್ಣಗೆ ಕತ್ತರಿಸಿದರೆ ಒಂದು ತುಂಡು ಬರೀ ಕೆಂಪು ಬರುತ್ತದೆ, ಒಂದು ಬರೀ ಹಸಿರು, ಒಂದರಲ್ಲಿ ಎಲೆಯ ತುದಿ ಮಾತ್ರ. ಹತ್ತು ಥರದ ಬಟ್ಟೆ ಕೂಡಿಸಿದಂತೆ ಕಾಣುತ್ತದೆ, ಮೂಲ ಬಟ್ಟೆ ಹುಡುಕಿದರೂ ಸಿಗದು. ಹೂ ಕಾಣಬೇಕೆಂದರೆ ಮಾತ್ರ ಚೌಕ ದೊಡ್ಡದಿರಬೇಕು, ಹೂ ಅದರ ನಟ್ಟನಡುವೆ ಕೂಡಬೇಕು.

“ಸಣ್ಣ ಕತ್ತರಿಸಿದ್ರ ನಾ ಕದ್ದೀನಿ ಅಂತ ನಾನೇ ಒಪ್ಪಿಕೊಂಡಂಗ” ಎಂದಳು ಗುಂಡಮ್ಮ. “ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡಂಗ. ನಾ ಕದ್ದಿಲ್ಲ. ಹೂವ ಕಡಿಯಾಂಗಿಲ್ಲ.”

“ಸುಟ್ಟ ಬಿಡ ಯವ್ವಾ” ಎಂದ ವೈಜಿನಾಥ, ತಟ್ಟೆಯಿಂದ ತಲೆ ಎತ್ತದೆ. “ಒಲಿ ಉರಿಲತ್ತದ. ಈಗೇ ಹಾಕು.”

“ನಿನಗೇನೋ ಅಷ್ಟ ಅವಸರ?”

ಅವನು ತಟ್ಟೆ ಸರಿಸಿದ. ಮಜ್ಜಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಬೇಗಂ ಆ ಬಟ್ಟೆ ತಂದದ್ದು ಆಷಾಢದಲ್ಲಿ. ಅವಳ ಗಂಡ ಶರಫೋದ್ದೀನ ತಹಶೀಲ ಕಚೇರಿಯಲ್ಲಿ ಅಹಲಕಾರ, ಅಂದರೆ ಕಾರಕೂನ. ಅದೇ ಓಣಿಯ ಕೊನೆಯ ಮನೆ. ಹಿಂದಿನ ವರ್ಷ ಹೈದರಾಬಾದಿನಿಂದ ತರಿಸಿದ ಥಾನಿನಲ್ಲಿ ಮುಂದಿನ ಕೋಣೆಗೊಂದು ದೊಡ್ಡ ಪರದೆ ಮಾಡಿಸಿ, ಉಳಿದ ಮೂರು ಗಜವನ್ನು ಗುಂಡಮ್ಮನ ಮುಂದಿಟ್ಟಿದ್ದಳು. ಮಗಳು ಆಬೇದಾಗೆ ಎರಡು ಸಲ ಬಸಿರು ನಿಂತು ಹೋಗಿತ್ತು. ಇದು ಮೂರನೆಯದು.

“ಗುಂಡಮ್ಮಾ, ಒಂದ ಮಾತು” ಎಂದಿದ್ದಳು ಬೇಗಂ. “ಒಂದ ಹೂವ ಸೈತ ತುಂಡ ಆಗಬಾರ್ದು. ಜೋಡ ಹಚ್ಚಿದ್ದೂ ಬ್ಯಾಡ. ಪೂರಾ ಹೂವೇ ಇರ್ಲಿ. ನನ್ನ ವಹಮ ಅನ್ನು, ಹುಚ್ಚ ಅನ್ನು.”

“ಹುಚ್ಚ ಯಾಕಂತೀರಿ ಬೇಗಮ್ಮಾರ? ನಮ್ಮಲ್ಲೂ ಹಂಗೇ ಅದ. ಐದ ಸಾಲ, ಸಾಲಿಗಿ ಐದ. ಇಪ್ಪತ್ತೈದ ಹೂವ. ಬಾಣಂತಿಗೂ ಸಾಲ್ತದ, ಕೂಸಿಗೂ ಸಾಲ್ತದ. ಹೊರಸಿನ ಮ್ಯಾಗ ಕೂಸ ಬರೂದ್ರಾಗ ಕೌದಿ ಬರ್ತದ.”

ಭಾದ್ರಪದದಲ್ಲಿ ಭಾರತದ ಮಿಲಿಟರಿ ಬಂತು. ಐದೇ ದಿನಗಳಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ವರ್ಷವಿಡೀ ರಜಾಕಾರರಿಗೆ ಹೆದರಿ ಉಸಿರು ಬಿಗಿಹಿಡಿದಿದ್ದ ಜನ ಹೊರಗೆ ಬಂದರು. ಕೆಲವರು ಹೂಮಾಲೆ ಹಿಡಿದು ಬಂದರು, ಕೆಲವರು ಕೊಡಲಿ ಹಿಡಿದು. ಊರು ಸುಟ್ಟ ರಜಾಕಾರರು ಅಷ್ಟರಲ್ಲಿ ಓಡಿಹೋಗಿದ್ದರು. ಓಡಬೇಕಾದ ಕಾರಣವೇ ಇಲ್ಲವೆಂದುಕೊಂಡವರು ಉಳಿದಿದ್ದರು. ಬೇಗಂ ಮತ್ತು ಆಬೇದಾ ಬೀದರಿನ ತವರಿಗೆ ಮೊದಲೇ ಹೋಗಿದ್ದರು. ಮನೆ ಕಾಯುತ್ತೇನೆಂದು ನಿಂತವನು ಶರಫೋದ್ದೀನ. ಅವನನ್ನು ಯಾರೋ ಕರೆದುಕೊಂಡು ಹೋದರು ಎಂದಷ್ಟೇ ಊರು ಹೇಳುತ್ತಿತ್ತು. ಯಾರು, ಎಲ್ಲಿಗೆ ಎಂದು ಕೇಳಿದರೆ ಎಲ್ಲರಿಗೂ ಆ ದಿನ ಹೊಲದಲ್ಲಿ ಕೆಲಸವಿತ್ತು. ವೈಜಿನಾಥ ತಾನು ಹಲಬರ್ಗಾಕ್ಕೆ ಹೋಗಿದ್ದೆ ಎಂದಿದ್ದ.

ಮಗನ ಮೇಲೆ ಗುಂಡಮ್ಮ ಸಂಶಯ ಪಡಲಿಲ್ಲ. ಅವನ ಮೇಲೆ ಅವಳಿಗೆ ಮರುಕವೇ ಹೆಚ್ಚು. ವೈಶಾಖದಲ್ಲಿ ಕಮಲನಗರದ ಸಂತೆಯಿಂದ ಬರುವಾಗ ರಜಾಕಾರರು ಅವನ ಜೋಡೆತ್ತು ಬಿಚ್ಚಿಕೊಂಡು, ಅವನನ್ನೇ ಖಾಲಿ ಗಾಡಿಯ ನೊಗಕ್ಕೆ ಕಟ್ಟಿ ಊರ ಮುಂದೆ ಎಳೆಸಿದ್ದರು. ಗಾಡಿ ಹೊಡೆದು ಬದುಕುವವನು ಅಂದಿನಿಂದ ಮೂಲೆ ಹಿಡಿದಿದ್ದ. ಅವನು ನಕ್ಕದ್ದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಮರುದಿನದಿಂದ ಗುಂಡಮ್ಮ ಕತ್ತರಿಸತೊಡಗಿದಳು. ರೊಟ್ಟಿ ಬಡಿಯುವ ಕೆಲಸ ಶಾಲುಬಾಯಿಯ ಪಾಲಿಗೆ ಬಂತು, ಅವಳ ಬಾಯಿಗೆ ಮಾತಿನ ಹಬ್ಬ ಬಂತು.

“ಆಬೇದಾನ ಕೂಸಿಗಿ ದಾಳಿಂಬ್ರಿ ಹೂವಿನ ಕೌದಿ. ನನ್ನ ಕೂಸಿಗಿ ಏನ ಹೊದಸ್ತೀರಿ ಅತ್ಯಾ?”

“ನಿನ್ನ ಮಾವನ ಹಳೀ ಧೋತ್ರ. ನಿನ್ನ ಗಂಡಗೂ ಅದನ್ನೇ ಹೊದಸಿದ್ದೆ. ಸತ್ತಾನೇನ?”

“ಬೇಗಂ ಮನಿಯವರು ತಿರುಗಿ ಬರಾಂಗಿಲ್ರಿ. ಎಲ್ಲಾರೂ ಅಂತಾರ. ಬಟ್ಟಿ ನಮ್ಮ ಮನ್ಯಾಗೇ ಉಳಿತದ. ಇದ್ದದ್ದು ಮನಿ ಸೊಸಿಗಿ ಆದ್ರ ತಪ್ಪೇನ್ರಿ?”

“ಹಿಟ್ಟ ಗಟ್ಟಿ ಆಯ್ತು ನೋಡು. ಬಿಸಿನೀರ ಹಾಕು.”

ಮುನಿಸಿಕೊಂಡೇ ಶಾಲುಬಾಯಿ ದೀಪಾವಳಿಗೆ ಅಣ್ಣನ ಜೊತೆ ಔರಾದಕ್ಕೆ ಹೋದಳು. ಅವಳು ಹೋದ ಮರುದಿನವೇ ಗುಂಡಮ್ಮನಿಗೆ ತನ್ನ ಲೆಕ್ಕ ತಪ್ಪಿದ್ದು ತಿಳಿಯಿತು.

ಬಟ್ಟೆಯ ಅಗಲಕ್ಕೆ ಮೂರು ಹೂ. ಉದ್ದಕ್ಕೆ ಒಂಬತ್ತು ಸಾಲು. ಮೂರೊಂಬತ್ತಲೆ ಇಪ್ಪತ್ತೇಳು, ಎರಡು ಉಳಿಯುತ್ತವೆ ಎಂದು ಅವಳು ಆಷಾಢದಲ್ಲೇ ಲೆಕ್ಕ ಹಾಕಿ ಮಾತು ಕೊಟ್ಟಿದ್ದಳು. ಆದರೆ ಆ ಛೀಟಿನಲ್ಲಿ ಹೂಗಳು ಒಂದರ ಕೆಳಗೆ ಒಂದು ನಿಂತಿರಲಿಲ್ಲ, ಇಟ್ಟಿಗೆ ಕಟ್ಟಿದಂತೆ ಸಾಲು ಬಿಟ್ಟು ಸಾಲು ಸರಿದಿದ್ದವು. ಸರಿದ ಸಾಲಿನಲ್ಲಿ ಇಡೀ ಹೂ ಎರಡೇ. ಆಚೆ ಅಂಚಿಗೆ ಅರ್ಧ, ಈಚೆ ಅಂಚಿಗೆ ಅರ್ಧ. ಮೂವತ್ತು ವರ್ಷ ಕೌದಿ ಹೊಲಿದವಳು ಮೊದಲ ಸಾಲನ್ನಷ್ಟೇ ನೋಡಿ ಮೋಸ ಹೋಗಿದ್ದಳು. ಎಲ್ಲ ಕತ್ತರಿಸಿ ಎಣಿಸಿದರೆ ಇಪ್ಪತ್ತಮೂರು. ಎರಡು ಹೂ ಕಡಿಮೆ.

“ಅರ್ಧರ್ಧ ಕೂಡಿಸಿ ಹೊಲಿ. ಯಾರ ನೋಡ್ತಾರ?” ಎಂದ ಹಾವಗೆಪ್ಪ.

“ಜೋಡ ಹಚ್ಚಿದ್ದು ಬ್ಯಾಡ ಅಂದಾಳ್ರಿ.”

“ಅಕಿ ಗಂಡ ಇಲ್ಲ, ಮನಿ ಇಲ್ಲ. ಹೂವಿನ ಜೋಡ ನೋಡ್ಕೋತ ಕುಂದುರ್ತಾಳೇನ?”

“ಅದಕ್ಕೇ ನೋಡ್ತಾಳ” ಎಂದಳು ಗುಂಡಮ್ಮ. ಅವಳಿಗೆ ತನ್ನ ಮೇಲೇ ಸಿಟ್ಟು ಬಂದಿತ್ತು. ಆ ದಿನ ಬೇಳೆಗೆ ಉಪ್ಪು ಹಾಕುವುದನ್ನೂ ಮರೆತಳು. ಹಾವಗೆಪ್ಪ ಸಪ್ಪೆ ಬೇಳೆಯನ್ನು ಉಂಡು ಸುಮ್ಮನೆ ಎದ್ದ. ಅದು ಅವನ ಬುದ್ಧಿವಂತಿಕೆ.

ಔರಾದದಿಂದ ಶಾಲುಬಾಯಿ ಹತ್ತು ದಿನಕ್ಕೆ ಬಂದಳು. ಉಂಡಿ, ಚಕ್ಕುಲಿಯ ಗಂಟು ಇಳಿಸಿದಳು. ಅತ್ತೆ ಮುಖ ಸಣ್ಣದು ಮಾಡಿಕೊಂಡು ಕೂತದ್ದಕ್ಕೆ ಕಾರಣ ಕೇಳಿಕೊಂಡಳು. ಒಳಗೆ ಹೋಗಿ ಔರಾದದಿಂದ ತಂದ ಬಟ್ಟೆಯ ಗಂಟು ಬಿಚ್ಚಿದಳು. ಮತ್ತೆ ಹೊರಗೆ ಬಂದಾಗ ಅವಳ ಕೈಯಲ್ಲಿ ಎರಡು ಚೌಕವಿತ್ತು. ಕಡು ಹಸಿರು, ನಡುವೆ ದಾಳಿಂಬೆ ಹೂ.

“ತಗೋರಿ. ನನ್ನ ಕೂಸಿನ ತಲಿಗಿ ಕುಲಾಯಿ ಹೊಲಿಬೇಕಂತ ತಂದಿದ್ದೆ. ಔರಾದ ಬಜಾರದಾಗ ಸಿಕ್ತು.”

ಗುಂಡಮ್ಮನಿಗೆ ಆನೆ ಬಲ ಬಂದಂತಾಯಿತು. “ನಿನ್ನ ಹೊಟ್ಟಿ ತಣ್ಣಗಿರ್ಲಿ” ಎಂದು ಸೊಸೆಯ ಗಲ್ಲ ಸವರಿದಳು. ಚೌಕಗಳನ್ನು ಉಳಿದವುಗಳ ಪಕ್ಕ ಇಟ್ಟಳು. ಹೂ ಅದೇ, ಎಲೆ ಅದೇ. ಬಣ್ಣ ಬೇರೆ. ಅವಳು ಕತ್ತರಿಸಿದ್ದು ಹೊಸದು, ಕೆಂಪು ಕೆಂಡದಂತಿತ್ತು. ಸೊಸೆ ತಂದದ್ದು ಬಿಸಿಲು ತಿಂದು ಮಾಸಿತ್ತು. ಒಂದು ಚೌಕದ ಮೇಲಂಚಿನಲ್ಲಿ ಸಣ್ಣ ಉಂಗುರದಷ್ಟು ದುಂಡಗೆ ಕಬ್ಬಿಣದ ತುಕ್ಕು ಹಿಡಿದಿತ್ತು, ಅದರ ಪಕ್ಕ ಗೇಣು ದೂರಕ್ಕೆ ಇನ್ನೊಂದು. ಪರದೆಗೆ ಕಬ್ಬಿಣದ ಉಂಗುರ ಹಾಕಿ ತೂಗುಬಿಟ್ಟಲ್ಲಿ ಬೀಳುವ ಕಲೆ.

ಗುಂಡಮ್ಮ ಬೆರಳನ್ನು ಆ ತುಕ್ಕಿನ ಮೇಲೆ ಇಟ್ಟಳು.

“ಔರಾದ ಬಜಾರದಾಗ ಪಡದಾ ಹರದು ಮಾರ್ತಾರೇನ ಶಾಲೂ?”

ಶಾಲುಬಾಯಿ ಚೌಕಗಳನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು.

“ಯಾರ ತಂದ್ರು? ಹೇಳು. ನಿನ್ನ ಅಣ್ಣನೋ, ನನ್ನ ಮಗನೋ?”

“ನನಗ ಬೈಬ್ಯಾಡ್ರಿ ಅತ್ಯಾ. ನಮ್ಮನಿಯವರೇ ತಂದ್ರು. ‘ಔರಾದಕ್ಕ ಒಯ್ದು ಇಡು, ಇಲ್ಲಿ ಯಾರರೆ ನೋಡ್ತಾರ’ ಅಂದ್ರು. ಇಡೀ ಪಡದಾ ನಮ್ಮ ಅವ್ವನ ಕಣಜದಾಗ ಅದ. ನೀವು ಎರಡ ಹೂವಿಗಿ ಊಟ ಬಿಟ್ಟೀರಿ ಅಂತ ನಮ್ಮೂರ ಪಟೇಲ ಹಣಮಂತಪ್ಪನ ಹೆಂಡತಿ ಅಲ್ಲೇ ಔರಾದ ಸಂತ್ಯಾಗ ಹೇಳಿದ್ಲು. ಅದಕ್ಕ ಕತ್ತರಿಸಿ ತಂದೆ.” ಅವಳ ಕಣ್ಣಲ್ಲಿ ನೀರು ಬಂತು. “ಹೂವ ಅದೇ ಅದಲ್ರಿ. ಸಾಲ್ತದಲ್ರಿ.”

ಹುಡುಗಿ ಮಾಡಿದ್ದು ಅಕ್ಕರೆಗೇ. ಗುಂಡಮ್ಮ ಬೈಯಲಿಲ್ಲ. ಬೈಸಿಕೊಳ್ಳಬೇಕಾದವನು ಸಂಜೆ ಊಟಕ್ಕೆ ಬಂದ. ಅವಳು ರೊಟ್ಟಿ, ಪುಂಡಿಪಲ್ಯ ಬಡಿಸಿ, ತಟ್ಟೆಯ ಪಕ್ಕದಲ್ಲಿ ಎರಡು ಚೌಕ ಇಟ್ಟಳು. ವೈಜಿನಾಥ ಅವನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೈ ತೊಳೆದುಕೊಂಡ.

“ತಂದೀನಿ” ಎಂದ. “ಎಲ್ಲಾರೂ ತಂದ್ರು. ಒಬ್ಬಂವ ತಿಜೋರಿ ಒಯ್ದ, ಒಬ್ಬಂವ ಬಾಗಲಾ ಕಿತ್ತ. ನನ್ನ ಜೋಡೆತ್ತ ಹೋದ್ವು, ನಾ ಒಂದ ಪಡದಾ ತಂದೆ. ನನ್ನ ಎತ್ತ ಒಯ್ದಾವ್ರ ಮನಿ ಮುಂದ ಯಾವ ಡಂಗುರ ಹೊಡದ್ರು ಯವ್ವಾ?”

“ಹೊಡೀಲಿಲ್ಲ. ಖರೆ. ಆದ್ರ ನಿನ್ನ ಎತ್ತ ಒಯ್ದಂವ ಶರಫೋದ್ದೀನ ಸಾಬ ಅಲ್ಲ. ನಿನ್ನ ನೊಗದಿಂದ ಬಿಚ್ಚಸ್ಲಾಕ ಕಚೇರಿ ಬಿಟ್ಟ ಓಡಿ ಬಂದಂವ ಅಂವ.”

ವೈಜಿನಾಥನ ಮುಖ ಕಪ್ಪಿಟ್ಟಿತು. ಹಾವಗೆಪ್ಪ ಎದ್ದು ಬಾಗಿಲಿನ ಅಗುಳಿ ಹಾಕಿ ಬಂದ.

“ಮೆಲ್ಲಗ ಮಾತಾಡ್ರಿ. ಗ್ವಾಡಿಗಿ ಕಿವಿ ಇರ್ತಾವ. ಚಾವಡಿಗಿ ಒಯ್ದು ಕೊಟ್ಟ್ರ ಇವನ ಹೆಸರ ಬರಕೋತಾರ. ಔರಾದದಾಗೇ ಸುಡಸ್ರಿ ಅದನ್ನ. ಈ ಎರಡ ತುಂಡ ಒಲಿಗಿ ಹಾಕು.”

“ಹಾಕಾಂಗಿಲ್ಲ. ಇವು ಅವರವೇ ಹೂವ. ಅವರ ಕೌದಿಗೇ ಹಚ್ತೇನಿ.”

“ಮೂಲ್ಯಾಗರೆ ಹಚ್ಚು, ಕಾಣದಂಗ!”

“ತಲಿ ಕಡಿ ಹಚ್ತೇನಿ. ಹೊದ್ದಕೊಂಡ್ರ ಕಣ್ಣ ಮುಂದೇ ಬರಬೇಕು.” ಗುಂಡಮ್ಮ ಮಗನ ಕಡೆ ತಿರುಗಿದಳು. “ನೀ ಔರಾದಕ್ಕ ಹೋಗಿ ಉಳದ ಪಡದಾ ತಗೊಂಡ ಬಾ. ನನ್ನ ಸಂಗಡ ಬೀದರಕ್ಕ ಬಂದು ಬೇಗಂ ಕೈಯಾಗ ಕೊಡು.”

“ನಾ ಬರಾಂಗಿಲ್ಲ.”

“ಬರಬ್ಯಾಡ. ನಾ ಒಬ್ಬಾಕೇ ಹೋಗ್ತೇನಿ. ಮಾಸಿದ ಹೂವ ಎಲ್ಲಿವು ಅಂತ ಕೇಳ್ತಾಳ. ನಾನೇ ನಿಮ್ಮ ಮನಿ ಹೊಕ್ಕಿದ್ದೆ, ನಾನೇ ಕಿತ್ತೆ ಅಂತೇನಿ.”

ಆಮೇಲಿನ ನಾಲ್ಕು ದಿನ ಪಡಸಾಲೆಯಲ್ಲಿ ಸೂಜಿ ನಿಲ್ಲಲಿಲ್ಲ. ಗುಂಡಮ್ಮ ಹೊಲಿದಳು. ಹಳೆಯ ಮೆತ್ತನೆ ಸೀರೆಗಳ ಅಸ್ತರ ಹಾಸಿ, ಮೇಲೆ ಚೌ­ಕಗಳನ್ನಿಟ್ಟು, ಹೂವಿನ ಪಕಳೆಯ ಗುಂಟ ದಾರ ಓಡಿಸಿದಳು. ದೊಡ್ಡ ಹೂವಿಗೆ ಅಡ್ಡಾದಿಡ್ಡಿ ಹೊಲಿಗೆ ಹಾಕಿದರೆ ಹೂವೇ ಸತ್ತುಹೋಗುತ್ತದೆ. ಶಾಲುಬಾಯಿ ಎದುರಿಗೆ ಕೂತು ಸೂಜಿ ಪೋಣಿಸಿ ಕೊಟ್ಟಳು. ತನ್ನ ಕೂಸಿನ ಮಾತು ಎತ್ತಲಿಲ್ಲ. ಹುಣ್ಣಿಮೆಯ ಮುಂಜಾನೆ ವೈಜಿನಾಥ ಎದ್ದು, ಹೆಗಲಿಗೆ ಟವೆಲು ಹಾಕಿಕೊಂಡು, ಯಾರಿಗೂ ಹೇಳದೆ ಔರಾದದ ದಾರಿ ಹಿಡಿದ.

ಅವನು ತಿರುಗಿ ಬರುವ ಮೊದಲು ಝಡತಿಯವರು ಬಂದರು. ಇಬ್ಬರು ಪೊಲೀಸರು ಹೊರಗಿನವರು, ಸಂಗಡ ಊರ ಪಟೇಲ ಹಣಮಂತಪ್ಪ. ಕಾಳಿನ ಹಗೇವು ನೋಡಿದರು, ಬೆಲ್ಲದ ಪೆಂಟಿ ಸರಿಸಿದರು, ಶಾಲುಬಾಯಿಯ ಸಂದೂಕು ತೆಗೆಸಿದರು. ಪಡಸಾಲೆಯಲ್ಲಿ ಇಡೀ ನೆಲ ತುಂಬಿ ಹಾಸಿದ್ದ ಕೌದಿಯ ಮುಂದೆ ಪಟೇಲ ನಿಂತ.

“ಇದು ಅಹಲಕಾರನ ಮನಿ ಬಟ್ಟಿ.”

“ಹೌದ್ರಿ” ಎಂದಳು ಗುಂಡಮ್ಮ. “ಬೇಗಂ ಹೊಲಿಲಾಕ ಕೊಟ್ಟಾಳ.”

“ಎಲ್ಲಾರೂ ಹಂಗೇ ಅನ್ಲತ್ತಾರ. ನೋಡಿದಾವ್ರ ಯಾರ?”

“ನಾ ನೋಡೀನ್ರಿ!” ಹಾವಗೆಪ್ಪನ ದನಿ ಕೀರಲಾಗಿತ್ತು. “ಆಷಾಢ ಸೋಮವಾರ. ನಾ ಇಲ್ಲೇ ಕುಂತಿದ್ದೆ. ನನ್ನ ಮುಂದೇ ಕೊಟ್ಟ್ರು.” ಆ ಸೋಮವಾರ ಅವನು ಬೆಲ್ಲ ತರಲು ಉದಗೀರಕ್ಕೆ ಹೋಗಿದ್ದ. ಹೆಂಡತಿ ಹೇಳಿದ್ದು ನಿಜವೋ ಸುಳ್ಳೋ ಅವನು ಕಣ್ಣಾರೆ ಕಂಡಿರಲಿಲ್ಲ. ಆದರೂ ಹೇಳಿದ, ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು.

“ಈ ಎರಡ ಹೂವ ಯಾಕ ಮಾಸ್ಯಾವ?”

“ಬಟ್ಟಿ ಕಡಮಿ ಬಿತ್ರಿ” ಎಂದಳು ಗುಂಡಮ್ಮ. “ಅವರ ಪಡದಾದವೇ ಎರಡ ಹಚ್ಚೀನಿ.”

ಹಣಮಂತಪ್ಪ ಕೌದಿಯ ಮುಂದಿನಿಂದ ಹಿಂದೆ ಸರಿದ. ಹೊಸ ಮಣ್ಣು ಅವನ ಹಿತ್ತಲಲ್ಲೂ ಇತ್ತೆಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಹೆಚ್ಚು ಕೇಳದೆ ಪೊಲೀಸರನ್ನು ಮುಂದಿನ ಮನೆಗೆ ಕರೆದುಕೊಂಡು ಹೋದ. ಹಾವಗೆಪ್ಪ ಅಲ್ಲೇ ಕುಸಿದು ಕೂತು ಎರಡು ತಂಬಿಗೆ ನೀರು ಕುಡಿದ.

ಮಾರ್ಗಶಿರ ಹುಟ್ಟಿದ ವಾರ ತಾಯಿ ಮಗ ಬೀದರಿನ ರೈಲು ಹತ್ತಿದರು. ಗುಂಡಮ್ಮನ ತೊಡೆಯ ಮೇಲೆ ಕೌದಿಯ ಗಂಟು, ವೈಜಿನಾಥನ ಕಾಲ ಬಳಿ ಪರದೆಯ ಗಂಟು. ಹಲಬರ್ಗಾದಲ್ಲಿ ಗಾಡಿ ನಿಂತಾಗ ಅವನು ಎದ್ದು ನಿಂತ. “ನಾ ಇಲ್ಲೇ ಇಳಿತೇನಿ ಯವ್ವಾ. ಗಂಟ ನೀ ಕೊಡು.” ಗುಂಡಮ್ಮ ಅವನ ಅಂಗಿಯ ಚುಂಗು ಹಿಡಿದು ಕೂರಿಸಿದಳು. “ಒಂದ ಪಡದಾ ಕೊಡ್ಲಾಕ ಇಷ್ಟ ಅಂಜಿಕಿ ಯಾಕೋ? ಬೈತಾಳ, ಬೈಸ್ಕೋ. ಮುಗೀತು.” ಅವನು ಕಿಟಕಿಯ ಕಡೆ ಮುಖ ಮಾಡಿದ.

ಬೇಗಂನ ಅಣ್ಣ ಕರೀಮ ಸಾಬನ ಮನೆ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿತ್ತು. ಅವನು ಪಾತ್ರೆಗಳಿಗೆ ಕಲಾಯಿ ಹಾಕುವವನು. ಬಾಗಿಲಲ್ಲೇ ತಿದಿ ಒತ್ತುತ್ತ ಕೂತಿದ್ದ. ಭಾಲ್ಕಿ ಎಂದ ಕೂಡಲೇ ಅವನ ಕೈ ನಿಂತಿತು. ಒಳಗಿದ್ದ ಬೇಗಂ ಗುಂಡಮ್ಮನ ದನಿ ಗುರುತು ಹಿಡಿದು ತಾನೇ ಹೊರಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕೈತುಂಬ ಹಸಿರು ಗಾಜಿನ ಬಳೆ, ಕೊರಳಲ್ಲಿ ಮುತ್ತೈದೆಯ ಕರಿಮಣಿ ಲಚ್ಛಾ ಹಾಗೇ ಇದ್ದವು. ಮೂರು ತಿಂಗಳಿಂದ ಅವಳು ಹೆಂಡತಿಯೋ ವಿಧವೆಯೋ ಅವಳಿಗೇ ಗೊತ್ತಿರಲಿಲ್ಲ.

“ಬಾ ಗುಂಡಮ್ಮಾ. ನಮ್ಮ ಊರಿಂದ ಬಂದಾವ್ರ ನೀವೇ ಮೊದಲ.”

ಆಬೇದಾ ಒಂಬತ್ತು ದಿನದ ಬಾಣಂತಿ. ಹೆಣ್ಣು ಕೂಸು, ಮುಷ್ಟಿ ಬಿಗಿದು ಮಲಗಿತ್ತು, ಬದುಕಿತ್ತು. ಗುಂಡಮ್ಮ ಗಂಟು ಬಿಚ್ಚಿ ಕೌದಿ ಹಾಸಿದಳು. ಆ ಹೊಗೆ ಹಿಡಿದ ಕೋಣೆ ಒಮ್ಮೆಲೆ ಕೆಂಪಾಯಿತು. ಆಬೇದಾ ಕೂಸನ್ನು ಎತ್ತಿ ಅದರ ಮೇಲೆ ಮಲಗಿಸಿದಳು. ಬೇಗಂ ಬಗ್ಗಿ ಒಂದೊಂದೇ ಹೂ ಮುಟ್ಟಿ ಎಣಿಸಿದಳು. ತಲೆ ಕಡೆಯ ಕೊನೆಯ ಸಾಲಿಗೆ ಬಂದು ಕೈ ನಿಂತಿತು.

“ಇವು?”

ಗುಂಡಮ್ಮ ಮಗನ ಕಡೆ ನೋಡಿದಳು. ವೈಜಿನಾಥ ತನ್ನ ಗಂಟನ್ನು ಮುಂದಿಟ್ಟ. “ನಿಮ್ಮ ಪಡದಾ ಬೇಗಮ್ಮಾರ. ನಾ ಒಯ್ದಿದ್ದೆ. ಅವ್ವಗ ಗೊತ್ತಿದ್ದಿಲ್ಲ. ತಪ್ಪಾಯ್ತು.”

ಬೇಗಂ ಗಂಟನ್ನು ಮುಟ್ಟಲಿಲ್ಲ, ಬೈಯಲೂ ಇಲ್ಲ. “ಯಾವತ್ತ ಒಯ್ದಿ?” ಎಂದು ಕೇಳಿದಳು.

“ಮಂಗಳಾರ, ಲೂಟಿ ಆದ ದಿನ.”

“ಮಂಗಳಾರ ಮಧ್ಯಾಹ್ನ ಅವರು ಬರದ ಕಡೀ ಚೀಟಿ ನನ್ನ ಹತ್ರ ಅದ, ಅಲ್ಲೀ ತನಕ ಅವರು ಮನ್ಯಾಗೇ ಇದ್ರು. ಪಡದಾ ಮುಂದಿನ ಬೈಠಕ ಖೋಲಿದು. ಅಂಗಳದ ಎದುರಿಗೇ.” ಬೇಗಂ ಕಣ್ಣೆತ್ತಿದಳು. “ನೀ ನೋಡಿದಿ.”

ಗುಂಡಮ್ಮ ಮಗನ ಕಡೆ ಪೂರಾ ತಿರುಗಿ ಕೂತಳು. ಬರೀ ಪರದೆ ಎಂದುಕೊಂಡಿದ್ದಳು. ಇಷ್ಟು ದಿನ ಬರೀ ಪರದೆ ಎಂದೇ ಜಗಳವಾಡಿದ್ದಳು.

“ಹೇಳೋ” ಎಂದಳು.

“ಅಂಗಳದಾಗ ಇದ್ರು” ಎಂದ ವೈಜಿನಾಥ. “ಕೈ ಹಿಂದ ಕಟ್ಟಿದ್ರು. ನಾ ಪಡದಾ ಎಳಿಲತ್ತಿದ್ದೆ. ನನ್ನ ನೋಡಿದ್ರು. ಹೆಸರ ಹಿಡದ ಕರದ್ರು. ‘ವೈಜಿನಾಥಾ, ಬೇಕಾದ್ದ ಒಯ್ಯಿ ಬೇಟಾ, ನನಗ ಬಿಡ್ರಿ ಅಂತ ಇವರಿಗಿ ಹೇಳು’ ಅಂದ್ರು.”

“ನೀ ಏನಂದಿ?” ಎಂದಳು ಬೇಗಂ.

“ಏನೂ ಅನ್ನಲಿಲ್ಲ. ಪಡದಾ ತಗೊಂಡ ಬಂದೆ.”

ಕರೀಮ ಸಾಬ ಬಾಗಿಲಿಗೆ ಬಂದು ನಿಂತಿದ್ದ. ಬೇಗಂ ಇನ್ನೊಂದೇ ಮಾತು ಕೇಳಿದಳು. “ಈಗ ಎಲ್ಲಿ ಇದ್ದಾರ?”

“ಖಟಕ ಚಿಂಚೋಳಿ ಹಾದ್ಯಾಗ ಹಾಳ ಬಾವಿ ಅದರಿ. ಅಲ್ಲಿಗಿ ಒಯ್ದ್ರು. ನಾ ದೂರ ನಿಂತ ನೋಡೀನಿ.” ಅವನು ನೆಲಕ್ಕೆ ಕೂತ. “ಇಲ್ಲರಿ ಬೇಗಮ್ಮಾರ. ಅವರ ಇಲ್ಲ.”

ಆಬೇದಾ ಕೂಸನ್ನು ಕೌದಿಯ ಮೇಲಿನಿಂದ ಎತ್ತಿ ಎದೆಗೆ ಒತ್ತಿಕೊಂಡಳು. ಗುಂಡಮ್ಮ ಅದನ್ನು ನೋಡಿದಳು. ಮತ್ತೆ ಅದರ ಮೇಲೆ ಮಲಗಿಸು ಎಂದು ಹೇಳುವ ಮುಖ ಅವಳಿಗೆ ಉಳಿದಿರಲಿಲ್ಲ.

ಬೇಗಂ ಅಳಲಿಲ್ಲ. ಬಳೆಗಳನ್ನು ಕಳಚಲು ನೋಡಿದಳು, ಆಗಲಿಲ್ಲ. ಎರಡೂ ಕೈಗಳನ್ನು ಗುಂಡಮ್ಮನ ಮುಂದೆ ಚಾಚಿದಳು. “ನೀ ತೆಗಿ.”

ಗುಂಡಮ್ಮ ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒಡೆಯದಂತೆ, ಒಂದೊಂದೇ ಬಳೆ ಇಳಿಸತೊಡಗಿದಳು.

“ಒಯ್ದಾವ್ರ ಯಾರ್ಯಾರ?” ಎಂದ ಕರೀಮ ಸಾಬ. “ಹೆಸರ ಹೇಳ್ತಿ? ಕಲೆಕ್ಟರಿಗಿ ಅರ್ಜಿ ಕೊಡ್ತೇನಿ.”

ವೈಜಿನಾಥ ತಾಯಿಯ ಹತ್ತಿರ ಸರಿದ. ಚಿಕ್ಕವನಿದ್ದಾಗ ಹೆದರಿದರೆ ಹಾಗೆಯೇ ಸರಿಯುತ್ತಿದ್ದ. “ಯವ್ವಾ, ಎಲ್ಲಾರೂ ನಮ್ಮ ಓಣ್ಯಾವ್ರೇ. ಹೇಳಿದ್ರ ನಾ ಭಾಲ್ಕ್ಯಾಗ ಹ್ಯಾಂಗ ಬದುಕ್ಲಿ? ಶಾಲೂ ಬಸರಿ ಇದ್ದಾಳ.”

ಗುಂಡಮ್ಮ ಕೈಯಲ್ಲಿದ್ದ ಬಳೆಯಿಂದ ಕಣ್ಣು ತೆಗೆಯಲಿಲ್ಲ.

“ಇವರೂ ಭಾಲ್ಕ್ಯಾಗೇ ಬದುಕ್ಬೇಕಂದಿದ್ರು” ಎಂದಳು. “ಹೇಳು.”

ಕರೀಮ ಸಾಬ ಒಳಗೆ ಹೋಗಿ ಕಾಗದ, ಪೆನ್ಸಿಲ್ ತಂದು ಕೂತ. ಬೇಗಂ ತಲೆ ತಿರುಗಿಸದೆ ಮಗಳಿಗೆ, “ಕೂಸಿಗಿ ಹೊದಸು, ಥಂಡಿ ಅದ” ಎಂದಳು. ಆಬೇದಾ ಮೊದಲು ತನ್ನ ಸೆರಗು ಹೊದಿಸಿದಳು, ಆಮೇಲೆ ಕೌದಿಯ ಚುಂಗನ್ನು ಎಳೆದುಕೊಂಡಳು. ವೈಜಿನಾಥ ಮೊದಲು ತನ್ನ ಹೆಸರು ಬರೆಸಿದ. ಆಮೇಲೆ ಉಳಿದವರದ್ದು ಒಂದೊಂದಾಗಿ ಹೇಳಿದ.